ಗುಲ್ಮ, ಜಠರ ಮತ್ತು ನೀವು ಕುಡಿದ ನನ್ನ ಬಟ್ಟಲು

ಗುರುಗಳಾದ ತಾನ್ ಶೌಲಿಯಾಂಗ್ ಅವರಿಗೆ, ಸುಮೇಯ್ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ಹೇಳಿದರೆ ನೀವು ನಕ್ಕು ಮಾತು ತಿರುಗಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದಿ, ಆಮೇಲೆ ಬೈಯುವುದಿದ್ದರೆ ಬೈಯಿರಿ.

ನೀರಿನ ಪಂಪು ಮಾರುವುದನ್ನು ನನಗೆ ಕಲಿಸಿದವರು ನೀವು. ಜಿನಿಂಗ್ ನಗರಕ್ಕೆ ಬಂದ ಹೊಸತರಲ್ಲಿ ಗಿರಾಕಿಯ ಎದುರು ಬಾಯಿ ಬಿಡಲು ಹೆದರುತ್ತಿದ್ದವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರೂರು ಸುತ್ತಿಸಿದಿರಿ. ಔತಣದ ಮೇಜಿನ ರೀತಿರಿವಾಜನ್ನೂ ನೀವೇ ಕಲಿಸಿದಿರಿ: ಮುಖ್ಯ ಅತಿಥಿ ಎಲ್ಲಿ ಕೂರಬೇಕು, ಮೀನಿನ ತಲೆ ಯಾರ ಕಡೆಗಿರಬೇಕು, ಬಟ್ಟಲು ತಗುಲಿಸುವಾಗ ನಮ್ಮ ಅಂಚು ಎಷ್ಟು ಕೆಳಗಿರಬೇಕು. "ಹುಡುಗೀ, ಬಟ್ಟಲು ಬರಿದಾದ್ರೆ ಕರಾರಿಗೆ ಅರ್ಧ ಸಹಿ ಬಿದ್ದ ಹಾಗೆ" ಎನ್ನುತ್ತಿದ್ದಿರಿ. ಜೋಳದ ಸಾರಾಯಿ ಗಂಟಲು ಸುಡುತ್ತಿದ್ದರೂ ನಾನು ಬರಿದು ಮಾಡುತ್ತಿದ್ದೆ.

ಕಳೆದ ಶರತ್ಕಾಲದಲ್ಲಿ ನನ್ನ ಮೈ ಕೈಕೊಟ್ಟಿತು. ಊಟ ಕಂಡರೆ ವಾಕರಿಕೆ, ತಿಂದದ್ದು ಎದೆಯಲ್ಲೇ ನಿಂತಂತೆ, ಕೈಕಾಲು ಒದ್ದೆ ಹತ್ತಿಯ ಹಾಗೆ ಭಾರ. ಕಾಲುವೆ ಪಕ್ಕದ ಓಣಿಯ ವೈದ್ಯೆ ಮಿಯಾವ್ ಅವರ ಬಳಿ ಹೋದೆ. ನಾಡಿ ಹಿಡಿದು ನಾಲಿಗೆ ಚಾಚಲು ಹೇಳಿದರು. "ಅಂಚಲ್ಲೆಲ್ಲ ಹಲ್ಲಿನ ಗುರುತು, ಮೇಲೆ ದಪ್ಪ ಜಿಡ್ಡು. ಏನಮ್ಮಾ, ಹೊಟ್ಟೇಲಿ ಕೆಸರುಗದ್ದೆ ಮಾಡ್ಕೊಂಡಿದೀಯಲ್ಲ! ಏನು ಕೆಲಸ ನಿಂದು?"

ಪಂಪು ಮಾರುತ್ತೇನೆ ಎಂದೆ. ಆಕೆ ಗಟ್ಟಿಯಾಗಿ ನಕ್ಕರು.

"ಹಾಗಾದ್ರೆ ನಿಂಗೆ ಬೇಗ ಅರ್ಥವಾಗತ್ತೆ. ಜಠರ ತಗೊಂಡಿದ್ದನ್ನ ಮೆತ್ತಗೆ ಮಾಡಿ ಕೆಳಕ್ಕೆ ಇಳಿಸತ್ತೆ. ಪಕ್ಕದಲ್ಲಿರೋ ಗುಲ್ಮ ಅದರ ಸಾರ ತೆಗೆದು ಮೇಲಕ್ಕೆ ಎತ್ತತ್ತೆ, ಕೈಕಾಲಿಗೆಲ್ಲ ಹಂಚತ್ತೆ. ಜಠರಪ್ಪನಿಗೆ ತೇವ ಬೇಕು, ಗುಲ್ಮಮ್ಮನಿಗೆ ತೇವ ಕಂಡ್ರಾಗಲ್ಲ. ಆದ್ರೂ ಒಂದೇ ಸೂರಿನಡಿ ಗಂಡ-ಹೆಂಡ್ತಿ ಥರ ಸಂಸಾರ ಮಾಡ್ತಾರೆ. ನೀನು ಸಾರಾಯಿ ಸುರಿದು ಇಬ್ಬರಿಗೂ ಜಗಳ ತಂದಿಟ್ಟಿದೀಯ. ಇಳೀಬೇಕಾದ್ದು ಮೇಲೆ ಉಕ್ಕತ್ತೆ, ಏರಬೇಕಾದ್ದು ಕೆಳಗೆ ಕೂರತ್ತೆ."

ಇವೆರಡೂ ಮೈಯ ನಡುವೆ ಹೊಲದ ಮಣ್ಣಿದ್ದ ಹಾಗಂತೆ. ಉಳಿದ ಅಂಗಗಳೆಲ್ಲ ಅಲ್ಲಿ ಬೆಳೆದದ್ದನ್ನೇ ಉಣ್ಣಬೇಕಂತೆ. ಅತಿಯಾದ ಯೋಚನೆಯೂ ಗುಲ್ಮವನ್ನು ಕಟ್ಟಿಹಾಕುತ್ತದಂತೆ. "ತಟ್ಟೆ ಮುಂದೆ ಕೂತು ಗಿರಾಕಿ ಬಗ್ಗೆ ತಲೆ ಕೆಡಿಸ್ಕೋಬೇಡ. ಸುಮ್ನೆ ಅಗಿ" ಎಂದು ಗದರಿಸಿ ಕಳಿಸಿದರು. ಕಷಾಯ, ನವಣೆ ಗಂಜಿ, ಒಣಗಿದ ಎಲಚಿ ಹಣ್ಣು. ಚಳಿಗಾಲ ಕಳೆಯುವ ಹೊತ್ತಿಗೆ ಊಟ ರುಚಿಸತೊಡಗಿತು. ಅಷ್ಟು ದಿನವೂ ಮೇಜಿನಲ್ಲಿ "ಹುಡುಗಿ ಔಷಧಿ ತಗೋತಿದಾಳೆ" ಎಂದು ನೀವೇ ನನ್ನನ್ನು ಕಾಪಾಡಿದಿರಿ.

ವಸಂತದಲ್ಲಿ ಒಂದು ಬೆಳಿಗ್ಗೆ ಅದೇ ವೈದ್ಯಶಾಲೆಯಲ್ಲಿ ಕಾಯುತ್ತಿದ್ದೆ. ಪರದೆಯ ಆಚೆ ನಿಮ್ಮ ದನಿ ಕೇಳಿಸಿತು.

"ಅರ್ಧ ಬನ್ನು ಇಳಿಯಲ್ಲ ಅಂತೀರಿ, ಸಾರಾಯಿ ಮಾತ್ರ ಹೆಂಗ್ರೀ ಇಳಿಯತ್ತೆ?" ಎಂದು ಮಿಯಾವ್ ನಿಮ್ಮನ್ನು ಕೇಳುತ್ತಿದ್ದರು. "ಮಲ ಬೇರೆ ಕಪ್ಪಗೆ ಹೋಗ್ತಿದೆ. ಒಳಗೆಲ್ಲೋ ರಕ್ತ ಸೋರ್ತಿದೆ. ಇದು ನನ್ನ ಗಂಜೀಲಿ ಹೋಗೋದಲ್ಲ. ಮೊದಲು ದೊಡ್ಡಾಸ್ಪತ್ರೆಗೆ ನಡೀರಿ."

"ಕಷಾಯ ಕೊಡಿ ಡಾಕ್ಟ್ರೇ, ಉಪದೇಶ ಬೇಡ. ನಾನು ಬಿಟ್ರೆ ಆ ಬಟ್ಟಲು ನನ್ನ ಕೈಕೆಳಗಿನ ಮಕ್ಕಳ ಮುಂದೆ ಹೋಗತ್ತೆ."

ನಾನು ಸದ್ದಿಲ್ಲದೆ ಎದ್ದು ಹೊರಗೆ ಬಂದೆ. ಕಾಲುವೆಯ ಕಟ್ಟೆಯ ಮೇಲೆ ಕೂತು ಅತ್ತೆ. ಆಮೇಲೆ ಒಂದು ನಿರ್ಧಾರ ಮಾಡಿದೆ.

ಅದಕ್ಕೇ ಆ ಗುರುವಾರ ನಮ್ಮ ಗಿರಾಕಿ ದಿಯಾವ್ ಅವರಿಗೆ ನಾವಿಟ್ಟ ಔತಣದಲ್ಲಿ ನನ್ನ ಬಟ್ಟಲು ಬೋರಲು ಹಾಕಿದ್ದು. "ನನ್ನ ಗುಲ್ಮ, ಜಠರ ಎರಡೂ ಮುಷ್ಕರ ಹೂಡಿವೆ, ಚಹಾದಲ್ಲೇ ಗೌರವ ಸಲ್ಲಿಸ್ತೀನಿ" ಎಂದೆ. ದಿಯಾವ್ ನಿಮ್ಮ ಕಡೆ ತಿರುಗಿ, "ಏನ್ರೀ ತಾನ್, ನಿಮ್ಮ ಶಿಷ್ಯೆ ಸನ್ಯಾಸ ತಗೊಂಡ್ಳಾ?" ಎಂದರು. ಎಲ್ಲರೂ ನಕ್ಕರು. ನನ್ನನ್ನು ನೋಡಿ ನೀವೂ ನಿಮ್ಮ ಬಟ್ಟಲು ಬೋರಲು ಹಾಕುತ್ತೀರಿ ಎಂದು ನಂಬಿದ್ದೆ. ನೀವು ನನ್ನದನ್ನು ನೆಟ್ಟಗೆ ಮಾಡಿ, ತುಂಬಿಸಿ, "ಶಿಷ್ಯೆ ಪಾಲೂ ನಂದೇ" ಎಂದು ಕುಡಿದಿರಿ. ಸುತ್ತು ಬಂದಾಗಲೆಲ್ಲ ಎರಡೆರಡು ಬಟ್ಟಲು. ಆಮೇಲೆ ಹೊರಗೆ ಗೋಡೆ ಹಿಡಿದು ನಿಂತಿದ್ದಿರಿ, ಮುಖದಲ್ಲಿ ರಕ್ತವೇ ಇರಲಿಲ್ಲ. "ಹೊರಗಿನವರಿಗೆ ಹೇಳ್ಬೇಡ. ಒಳಗೆ ಹೋಗು, ಮೀನು ತಣ್ಣಗಾಗತ್ತೆ" ಎಂದಿರಿ.

ನನ್ನ ಧೈರ್ಯದ ಬೆಲೆಯನ್ನು ನಿಮ್ಮ ಹೊಟ್ಟೆ ತೆರುವುದಾದರೆ ಅಂಥ ಧೈರ್ಯ ನನಗೆ ಬೇಡ. ಮರುದಿನವೇ ಕಂಪನಿಯ ದೊಡ್ಡ ಸಾಹೇಬರನ್ನು ಕಂಡು ರಿಪೇರಿ ವಿಭಾಗಕ್ಕೆ ಹಾಕಿಸಿಕೊಂಡೆ. ಸಂಬಳ ಕಡಿಮೆ, ಆಗಲಿ. ನಾನು ಕೂರದ ಮೇಜಿನಲ್ಲಿ ನನ್ನ ಪಾಲು ಕುಡಿಯಲು ನಿಮಗೆ ನೆಪವಿರುವುದಿಲ್ಲ. ದಿಯಾವ್ ಅವರ ಮೀನಿನ ಕೊಳಕ್ಕೂ ಹೋಗಿದ್ದೆ, ಸೋರುತ್ತಿದ್ದ ಪಂಪು ಸರಿಮಾಡಿಕೊಟ್ಟೆ. ಅವರೇನಂದರು ಗೊತ್ತೇ? "ಅವತ್ತು ನಂಗೂ ಕುಡಿಯೋ ಮನಸ್ಸಿರ್ಲಿಲ್ಲಮ್ಮ. ನಿಮ್ಮ ತಾನ್ ಸುರೀತಾನೇ ಇದ್ದ, ಬೇಡ ಅಂದ್ರೆ ಅವನ ಮರ್ಯಾದೆ ಹೋಗತ್ತಲ್ಲ ಅಂತ ಕುಡಿದೆ." ಯಾರಿಗೂ ಬೇಡದ ಸಾರಾಯಿ, ಗುರುಗಳೇ! ಯಾರಿಗೋಸ್ಕರ ನೀವು ರಕ್ತ ಹರಿಸುತ್ತಿದ್ದೀರಿ?

ಹೊರಗಿನವರಿಗೆ ಹೇಳಬೇಡ ಎಂದಿರಿ. ಫಾಂಗ್ ಅಕ್ಕ ಹೊರಗಿನವರಲ್ಲ. ನೀವು ಕಟ್ಟಿಕೊಂಡ ಹೆಂಡತಿ. ಅವರಿಗೆ ಎಲ್ಲವನ್ನೂ ಹೇಳಿದ್ದೇನೆ. ಅಕ್ಕ ಅಳಲಿಲ್ಲ. ಕೈಯೊರೆಸಿಕೊಂಡು, "ಯಾವ ಆಸ್ಪತ್ರೆ? ಯಾವಾಗ?" ಎಂದಷ್ಟೇ ಕೇಳಿದರು. ದೊಡ್ಡಾಸ್ಪತ್ರೆಯಲ್ಲಿ ನಾಳೆ ಬೆಳಿಗ್ಗೆಗೆ ನಿಮ್ಮ ಹೆಸರಿನಲ್ಲಿ ಚೀಟಿ ಮಾಡಿಸಿದ್ದೇವೆ. ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುತ್ತಾರೆ, ಇವತ್ತು ರಾತ್ರಿಯಿಂದ ಏನೂ ತಿನ್ನುವಂತಿಲ್ಲ. ಕಾರು ತಂದು ಗೇಟಿನ ಬಳಿ ನಿಂತಿರುತ್ತೇನೆ. ನೀವು ಕೂಗಾಡಿದರೂ ಕದಲುವುದಿಲ್ಲ. ಆಸ್ಪತ್ರೆಯವರ ಕೆಲಸ ಮುಗಿದ ಮೇಲೆ ಮಿಯಾವ್ ಅವರ ನಿಧಾನದ ಕೆಲಸ ಶುರುವಾಗಲಿ.

ಈ ಕಾಗದವನ್ನು ಅಕ್ಕನ ಕೈಗೇ ಕೊಟ್ಟಿದ್ದೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂರುತ್ತೇನೆ ಎಂದಿದ್ದಾರೆ. ತಲೆಯೆತ್ತಿ ಒಮ್ಮೆ ಅವರ ಮುಖ ನೋಡಿ. ಬರುವುದಿಲ್ಲ ಎನ್ನುವುದಿದ್ದರೆ ಆ ಮುಖಕ್ಕೆ ಹೇಳಿ.

ನಿಮಗೆ ಚೆನ್ನಾಗಿ ಹಸಿವಾಗುವ ದಿನಗಳು ಬರಲಿ.

ನೀವು ಬೈದರೂ ಬಿಡದ ಶಿಷ್ಯೆ,
ಯಿನ್ ಸುಮೇಯ್