ನಗು ನಿಮ್ಮ ಗೋಡೆಗೆ, ಸೋರಿಕೆ ನಮ್ಮ ಎದೆಗೆ

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ನಿಮ್ಮ ಹೊರರೋಗಿ ವಿಭಾಗದ ಗೋಡೆಯ ಮೇಲೆ ಹಲ್ಲು ಬಿಟ್ಟು ನಗುತ್ತಿರುವವನು ನನ್ನ ತಮ್ಮ. ‘ಎದೆ ಕೊಯ್ಯದೆ ಮಹಾಧಮನಿಗೆ ಮರುಜೀವ’ ಎಂದು ಅವನ ತಲೆಯ ಮೇಲೆ ಬರೆಸಿದ್ದೀರಿ. ಅದೇ ಎದೆಯನ್ನು ಕೆಲವು ತಿಂಗಳ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ಕೊಯ್ದರು. ಸುದ್ದಿ ನಿಮ್ಮನ್ನು ತಲುಪಿರಲಾರದು. ನಾನು ಫೋನ್ ಮಾಡಿದಾಗಲೆಲ್ಲ ನೀವು ಮೀಟಿಂಗಿನಲ್ಲಿದ್ದಿರಿ.

ಅವನು ಕ್ಷೌರಿಕ. ಕತ್ತರಿಗಿಂತ ಬಾಯಿ ಚುರುಕು ಎಂದೇ ಗಿರಾಕಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಎದೆಯೊಳಗಿನ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿದೆ, ಒಡೆದರೆ ಜೀವ ಉಳಿಯುವುದು ಕಷ್ಟ ಎಂದು ತಿಳಿದಾಗ ಆ ಬಾಯಿಯೂ ಕಟ್ಟಿತು. ಆಗ ನೀವೇ ಅವನ ಮಂಚದ ಅಂಚಿಗೆ ಕೂತು ಹೇಳಿದ್ದು ನೆನಪಿದೆಯೇ? “ತೊಡೆಸಂದಿಯಲ್ಲಿ ಸಣ್ಣ ತೂತು, ಅಲ್ಲಿಂದ ಸ್ಟೆಂಟ್ ಅನ್ನೋ ಕೊಳವೇನ ರಕ್ತನಾಳದೊಳಗೆ ಕಳಿಸ್ತೀವಿ. ಆಮೇಲೆ ಪ್ರತಿ ವರ್ಷ ಸ್ಕ್ಯಾನ್ ಮಾಡಿ ನಾವೇ ನೋಡ್ಕೋತೀವಿ. ಇನ್ಮೇಲೆ ನೀವು ನಮ್ಮನೆಯವರು.”

ಚಿಕಿತ್ಸೆ ಚೆನ್ನಾಗಿಯೇ ಆಯಿತು. ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಅವನು ನಡೆದುಕೊಂಡೇ ಮನೆಗೆ ಬಂದ. ನೀವು ಕೇಳಿದಿರೆಂದು ಫೋಟೋಗೆ ನಕ್ಕ. ಕುರ್ಚಿಯಲ್ಲಿ ಕೂತವರಿಗೆಲ್ಲ ನಿಮ್ಮ ಗುಣಗಾನ ಮಾಡಿದ. ಅಂಥ ಪ್ರಚಾರಕ ನಿಮಗೆ ಬೇರೆಲ್ಲಿ ಸಿಗುತ್ತಿದ್ದ?

ವರ್ಷ ತುಂಬಿದಾಗ ಸ್ಕ್ಯಾನ್‌ಗೆ ಹೋದೆವು. “ನಿಮಗೆ ಸ್ಟೆಂಟ್ ಹಾಕಿದ ಡಾಕ್ಟ್ರು ಕೆಲಸ ಬಿಟ್ಟುಹೋದ್ರು. ಆರಾಮಾಗಿದ್ದೀರಲ್ಲ, ನೋವು ಬಂದ್ರೆ ಬನ್ನಿ,” ಎಂದರು ಕೌಂಟರಿನಾಕೆ. ಅವನು ಗೋಡೆಯತ್ತ ಕೈ ತೋರಿಸಿ, “ಅಲ್ಲಿರೋನು ನಾನೇ ಮೇಡಂ,” ಎಂದ.

“ಹೌದಾ? ಚೆನ್ನಾಗಿ ಬಂದಿದೆ.”

ನೋವು ಬಂತು. ಬೆನ್ನಿಗೆ ಚೂರಿ ಹಾಕಿದಂಥ ನೋವು. ಗಿರಾಕಿಯ ಗಡ್ಡ ಅರ್ಧ ಹೆರೆದಿದ್ದಾಗಲೇ ಕುಸಿದ. ನಿಮ್ಮಲ್ಲಿ ಬೆಡ್ ಖಾಲಿ ಇಲ್ಲವೆಂದರು. ಇನ್ನೊಂದು ಆಸ್ಪತ್ರೆಯ ವೈದ್ಯೆ ಕೇಳಿದರು: “ಸ್ಟೆಂಟ್ ಪಕ್ಕದಿಂದ ರಕ್ತ ಸೋರಿ ಉಬ್ಬು ಮತ್ತೆ ಬೆಳೆದಿದೆ. ಇದು ಒಂದು ದಿನದಲ್ಲಿ ಆಗೋದಲ್ಲಮ್ಮ. ಯಾರೂ ನೋಡ್ಲೇ ಇಲ್ವಾ?” ಏನು ಹೇಳಲಿ? ಗೋಡೆಯ ಮೇಲೆ ದಿನಾ ನೋಡುತ್ತಾರೆ ಎನ್ನಲೇ?

ಬದುಕಿದ್ದಾನೆ. ಆದರೆ ಎದೆ ಕೊಯ್ದಾಗ ಧ್ವನಿಯ ನರಕ್ಕೆ ಪೆಟ್ಟು ಬಿದ್ದು ಪಿಸುಮಾತಷ್ಟೇ ಉಳಿದಿದೆ. ಗಿರಾಕಿಗಳು ಈಗ ಕನ್ನಡಿಯಲ್ಲಿ ಅವನ ತುಟಿ ನೋಡುತ್ತ ಕೂರುತ್ತಾರೆ.

ಕ್ಷಮೆ ಬೇಡ, ಅದಕ್ಕೂ ಚೌಕಟ್ಟು ಹಾಕಿಸಿ ತೂಗುಹಾಕುವಿರಿ. ಸ್ಟೆಂಟ್ ಹಾಕಿ ಕಳಿಸಿದ ಪ್ರತಿಯೊಬ್ಬರನ್ನೂ ಈ ವಾರವೇ ಕರೆಸಿ, ಸ್ಕ್ಯಾನ್ ಮಾಡಿ. ನಮ್ಮ ಪಕ್ಕದ ಬೀದಿಯ ಮೇಷ್ಟ್ರನ್ನು ಮೊದಲು ಕರೆಸಿ. ಇವನ ಮಾತು ಕೇಳಿಯೇ ಅವರೂ ನಿಮ್ಮಲ್ಲಿ ಸ್ಟೆಂಟ್ ಹಾಕಿಸಿಕೊಂಡದ್ದು. ಮೊನ್ನೆ ಕೂದಲು ಕತ್ತರಿಸಿಕೊಳ್ಳುತ್ತ ಅವರು, “ನನ್ನನ್ನೂ ಯಾರೂ ಕರೀಲಿಲ್ಲ ಕಣಯ್ಯ,” ಎಂದಾಗ ಇವನ ಕೈ ನಿಂತುಬಿಟ್ಟಿತು. ಹೇಳಬೇಕಾದದ್ದು ಬಹಳವಿತ್ತು. ತುಟಿ ಅಲುಗಿತು, ಮೇಷ್ಟ್ರಿಗೆ ಕೇಳಿಸಲಿಲ್ಲ.

ಇಂತಿ,
ಈಗ ಅವನ ಪಾಲಿನ ಮಾತನ್ನೂ ಆಡಬೇಕಾಗಿ ಬಂದಿರುವ
ಅಕ್ಕ