ಅಕ್ಕನ ಪಾಳಿ

ರಬಕವಿ, ಬುಧವಾರ ಮಧ್ಯಾಹ್ನ, ೧೯೯೬

ಲಗಮಕ್ಕಾ,

ನಿನ್ನ ಮಣ್ಣ ಮಾಡಿ ತಿಂಗಳಾತು. ಈ ಪತ್ರಾ ಎಲ್ಲಿಗಿ ಹಾಕ್ಲಿ ಗೊತ್ತಿಲ್ಲ, ಆದ್ರೂ ನಿನಗ ಹೇಳಬೇಕು.

ಇವತ್ತ ವಿಡಿಯೋ ಗೇಮ್ ಹಚ್ಚಿದ್ದೆ. ಮಹಾಲಿಂಗಪುರದಾಗ ನಾವಿಬ್ಬರೂ ಜಗಳಾಡಿ ಆರಿಸಿದ್ದ ಅದ ಕ್ಯಾಸೆಟ್. ಚಾಳಿ ಬಿದ್ದೈತಿ ನೋಡು, ಇಬ್ಬರು ಆಡೂ ಆಟಾನ ಒತ್ತಿಬಿಟ್ಟೆ.

ಆಟದಾಗಿನ ನನ್ನ ಮನಶ್ಯಾ ಆ ತೂಗೂ ಹಲಗಿ ತನಕ ಹ್ವಾದ. ಬಾಜೂ ಮನಿ ಮಗ್ಗದ ಸಪ್ಪಳ ಎಣಿಸಿ ಮೂರನೇದಕ್ಕ ಜಿಗಿ ಅಂತಿದ್ದಿ ನೀ. ಹಂಗ ಜಿಗದೆ. ದಾಟೇ ಬಿಟ್ಟೆ! ಹಿಗ್ಗಿನ್ಯಾಗ ಮುಂದಿನ ಮುಳ್ಳಿನ ಮ್ಯಾಲೆ ಬಿದ್ದು ಸತ್ತೆ.

ಆಮ್ಯಾಲೆ ನಿನ್ನ ಹಸರ ಅಂಗಿ ಮನಶ್ಯಾ ಬಂದು ನಿಂತ. ನಿನ್ನ ಪಾಳಿ.

ಆ ಹಲಗಿ ಬಂದಾಗೆಲ್ಲ "ನಿನಗ ಬರೂದಿಲ್ಲ, ತಾ ಇಲ್ಲೆ" ಅಂತ ನಿನ್ನ ಕೈಯಾಗಿನ ಆಟದ ರಿಮೋಟ ಕಸ್ಕೊಂತಿದ್ದೆ. ನೀ ನಕ್ಕ ಕೊಡತಿದ್ದಿ. ಎಣಿಸೂದು ಹೇಳಿಕೊಟ್ಟಾಕಿ ನೀ, ಒಮ್ಮೆರೆ ದಾಟಾಕ ಬಿಡಲಿಲ್ಲ ನಾ.

ಇವತ್ತ ಆ ರಿಮೋಟ ನೀ ಕುಂದರೂ ಜಾಗಾದಾಗ ಇಟ್ಟು ಸುಮ್ಮನ ಕುಂತೆ. ಗುಂಡಿ ಒತ್ತೂತನಕ ನಿನ್ನ ಹಸರ ಅಂಗಿಯಂವ ಅಲ್ಲೇ ನಿಂತು ಉಸರ ಆಡಸ್ತಾನ. ಯಾರೂ ಬಂದು ಅವಗ ಏನೂ ಮಾಡೂದಿಲ್ಲ.

ಅವ್ವ ಅಡಗಿಮನಿಯಿಂದ ಬಂದ್ಲು. "ಯಲ್ಲೀ, ಯಾರೂ ಆಡವಲ್ರು, ಟಿ.ವಿ. ಯಾಕ ಹಚ್ಚೀದಿ? ಬಂದ್ ಮಾಡ."

"ತಡಿ ಬೇ ಅವ್ವಾ, ಅಕ್ಕನ ಪಾಳಿ ಐತಿ."

ಅವ್ವ ಬಂದ್ ಮಾಡಲಿಲ್ಲ. ಕೈ ಒರಸ್ಕೊಂಡು ಬಂದು, ರಿಮೋಟ ಇಟ್ಟಿದ್ದ ಜಾಗಾ ಬಿಟ್ಟು, ಅದರ ಆಚಿ ಕಡೆ ಕುಂತ್ಲು.