ಎಪಾಕ್ಸಿಯಲ್ಲಿ ಹುಗಿದ ದನಿ

ಧಾರವಾಡ,
ಎರಡನೆಯ ವೈಶಾಖ ೨೨, ೨೧೮೬

ಮಾನ್ಯ ಇಮ್ಮಾನುವೇಲ ಕರಡಿಗುಡ್ಡ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಹೊತ್ತಿಗೆ ಸರಿಯಾಗಿ ಮುಗಿಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಹಾಗಾಗಿ ನಾವು ವೈಶಾಖವನ್ನು ಎರಡು ಸಲ ಎಣಿಸುತ್ತೇವೆ. ಈ ಕಾಗದದಲ್ಲಿ ನಿಮಗೆ ಅಪರಿಚಿತವಾದ ಮಾತುಗಳು ಬಂದರೆ ಕ್ಷಮಿಸಿ, ಬಂದಲ್ಲಿಯೇ ಬಿಡಿಸಿ ಹೇಳುತ್ತೇನೆ. ಮೊದಲನೆಯದು ಹಿಂದಂಚೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಉತ್ತರ ಬರುವುದಿಲ್ಲ, ನಡೆದುಹೋದದ್ದು ಬದಲಾಗುವುದೂ ಇಲ್ಲ. ಜನ ಅದನ್ನು ತೀರಿಹೋದ ತಾಯಿಗೋ ಜಗಳವಾಡಿ ದೂರವಾದ ಗೆಳತಿಗೋ ಬರೆಯುತ್ತಾರೆ. ಇಷ್ಟು ವರ್ಷ ಜೋಪಾನ ಮಾಡಿದ ನನ್ನ ಒಂದು ಕಾಗದವನ್ನು ನಾನು ಬೇಸ್ ಗಿಟಾರ್ ಮಾಡುವವರೊಬ್ಬರಿಗೆ ಖರ್ಚು ಮಾಡುತ್ತಿದ್ದೇನೆ. ನನ್ನ ಸಿಟ್ಟು ಎಷ್ಟಿದೆಯೆಂದು ಇದರಿಂದಲೇ ತಿಳಿಯಿರಿ.

ನೀವು ೨೦೨೫ರಲ್ಲಿ ಕೈಯಾರೆ ಮಾಡಿದ ಹತ್ತೊಂಬತ್ತನೆಯ ಬೇಸ್ ಈಗ ನನ್ನ ಬಳಿ ಇದೆ. ನನಗಿಂತ ಮೊದಲು ಆರು ಮಂದಿ ಅದನ್ನು ಇಟ್ಟುಕೊಂಡಿದ್ದರು. ಆರನೆಯವಳು ನನ್ನ ತಾಯಿ. ಮೈ ಹಳೆಯ ದಾಂಡೇಲಿ ಸಾಗುವಾನಿ, ಕೆಡವಿದ ಯಾವುದೋ ಕಟ್ಟಡದ ತೊಲೆಯದಿರಬೇಕು. ಕುತ್ತಿಗೆಗೆ ಐದು ಪಟ್ಟಿ ಮರ ಅಂಟಿಸಿದ್ದೀರಿ, ಇಂದಿಗೂ ಕೂದಲೆಳೆಯಷ್ಟು ಬಿಟ್ಟುಕೊಂಡಿಲ್ಲ. ಎಡಗೈ ಹೆಬ್ಬೆರಳು ಕೂರುವ ಜಾಗವನ್ನು ಎಷ್ಟು ಸಲ ಸವರಿ ನೋಡಿ ತೀಡಿದ್ದೀರೋ. ನಿಮಗೆ ಕೆಲಸ ಗೊತ್ತಿಲ್ಲದಿದ್ದರೆ ನನಗೆ ಸಿಟ್ಟೇ ಬರುತ್ತಿರಲಿಲ್ಲ.

ಇದನ್ನು ಸಾಕುವುದು ಸುಲಭವಲ್ಲ. ಎರಡನೆಯ ವೈಶಾಖದ ಒಣಗಾಳಿಗೆ ಕುತ್ತಿಗೆ ಹಿಂದಕ್ಕೆ ಬಾಗಿ ತಂತಿಗಳು ಫ್ರೆಟ್ಟಿನ ಲೋಹದ ಪಟ್ಟಿಗಳಿಗೆ ತಾಗುತ್ತವೆ. ಆಗ ಒಳಗಿನ ಕಬ್ಬಿಣದ ಸಲಾಕೆಯನ್ನು ಒಂದಿಷ್ಟೇ ಸಡಿಲಿಸಬೇಕು. ಅದಕ್ಕೆ ನೀವು ಐದು ಮೂಲೆಯ ಕೀಲಿ ಇಟ್ಟಿದ್ದೀರಿ. ಲೋಕವೆಲ್ಲ ಆರು ಮೂಲೆಯ ಕೀಲಿಯಲ್ಲಿ ನಡೆಯುವಾಗ ಐದು ಏಕೆ? ಮೂರನೆಯ ಒಡೆಯರು ಕೀಲಿಯನ್ನು ಕಳೆದರು. ನನ್ನ ತಾಯಿ ಹಳೆಯ ಸೈಕಲ್ಲಿನ ಪೆಡಲು ಕಡ್ಡಿಯನ್ನು ಅರದಿಂದ ತೀಡಿ ಇನ್ನೊಂದನ್ನು ಮಾಡಿಕೊಂಡಳು. ಹೊಸ ತಂತಿ ಅಪರೂಪವಾದ್ದರಿಂದ ಹಳೆಯವನ್ನೇ ಕುದಿಯುವ ನೀರಿನಲ್ಲಿ ಹಾಕಿ, ಒರೆಸಿ, ಮತ್ತೆ ಕಟ್ಟುತ್ತೇನೆ. ನಿಮ್ಮ ಕಾಲದ ಚೌಕ ಬ್ಯಾಟರಿ ಈಗ ಯಾರೂ ಮಾಡುವುದಿಲ್ಲ, ಸತುವಿನ ಡಬ್ಬಿಗಳನ್ನು ಸಾಲಾಗಿ ಜೋಡಿಸಿ ಅಷ್ಟೇ ವಿದ್ಯುತ್ತು ಕೊಡುತ್ತೇನೆ. ಇಷ್ಟೆಲ್ಲ ಮಾಡಿದರೂ ಕಳೆದ ತಿಂಗಳು ಅದು ಸುಮ್ಮನಾಯಿತು.

ನಮ್ಮಲ್ಲಿ ಕಾಡುಮರ ಕಡಿಯುವಂತಿಲ್ಲ, ಹಳೆಯ ಮರ ಕೆಲಸವಿಲ್ಲದೆ ಬಿದ್ದಿರುವಂತೆಯೂ ಇಲ್ಲ. ಏಳು ವರ್ಷಕ್ಕೊಮ್ಮೆ ಮರದೆಣಿಕೆಯವರು ಮನೆಮನೆಗೆ ಬರುತ್ತಾರೆ. ಬಾಗಿಲಾದರೆ ಮುಚ್ಚಬೇಕು, ಮೇಜಾದರೆ ಭಾರ ಹೊರಬೇಕು, ವಾದ್ಯವಾದರೆ ಅಂಗಳದಾಚೆಗೆ ಕೇಳಬೇಕು. ಕೇಳದಿದ್ದರೆ ಒಯ್ದು ಬೇರೆ ಏನಾದರೂ ಮಾಡುತ್ತಾರೆ. ನಮ್ಮ ಓಣಿಯ ಎಣಿಕೆ ದ್ಯಾಮಣ್ಣನದು. ನಾನು ಮೀಟಿದೆ, ಅವನು ಅಂಗಳದಾಚೆ ಕಿವಿಗೆ ಕೈ ಹಚ್ಚಿ ನಿಂತ.

“ಬಾಯಾರ, ಮರಾ ಭಾಳ ಚಲೋ ಐತ್ರಿ. ಆದ್ರ ಇದು ಬಾಯಿ ಬಿಡವಲ್ದು.”

“ಬಿಡ್ತದ, ತಡೀರಿ.”

“ನಿಮ್ಮವ್ವಾರೂ ಹಿಂಗ ಅಂದಿದ್ರು. ಆಗ ಬಿಟ್ಟಿತ್ತು ಖರೆ. ಹದಿನೈದು ದಿನಾ ಕೊಡ್ತೀನಿ. ಸಾಲಿಯೊಳಗ ಮಕ್ಕಳು ನೆಲದ ಮ್ಯಾಲೆ ಕುಂತಾವ, ನನಗೂ ಬೆಂಚ್ ಬೇಕಲ್ರಿ.”

ಹಿಂಬದಿಯ ಮುಚ್ಚಳ ತೆಗೆದೆ. ತಂತಿಯ ಅದುರನ್ನು ಹಿಡಿಯುವ ಪಿಕಪ್ಪಿನಿಂದ ಹೊರಟ ವೈರು ಒಂದು ಕಪ್ಪು ಗಡ್ಡೆಯೊಳಗೆ ಹೋಗುತ್ತದೆ, ಅದರಿಂದ ಹೊರಬಂದ ವೈರು ಸ್ಪೀಕರಿಗೆ. ನಡುವೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಯಾರೂ ನಕಲು ಮಾಡಬಾರದೆಂದು ನೀವು ನಿಮ್ಮ ಸರ್ಕ್ಯೂಟಿನ ಮೇಲೆ ಎಪಾಕ್ಸಿ ಅಂಟು ಸುರಿದು ಕಲ್ಲು ಮಾಡಿದ್ದೀರಿ. ಅದು ಕೆಟ್ಟರೆ ಅದನ್ನು ಬದಿಗೆ ಬಿಟ್ಟು ದನಿ ನೇರ ಹೊರಗೆ ಹೋಗಲು ಒಂದು ಸ್ವಿಚ್ಚನ್ನೂ ಇಟ್ಟಿಲ್ಲ. ಮುಚ್ಚಳದ ಒಳಮೈಗೆ ನಿಮ್ಮ ಚೀಟಿ: ತೊಂದರೆ ಬಂದರೆ ತೆರೆಯಬೇಡಿ, ನಮ್ಮಲ್ಲಿಗೇ ಕಳುಹಿಸಿ. ನೀವು ಬರೆದ ವಿಳಾಸದಲ್ಲಿ ಈಗ ಒಂದು ಕೆರೆ ಇದೆ. ಚೀಟಿಯ ಕೆಳಗೆ ಆರೂ ಒಡೆಯರು ಒಬ್ಬರಾದ ಮೇಲೊಬ್ಬರು “ಮೂಲಸ್ಥಿತಿಯಲ್ಲಿದೆ, ಏನನ್ನೂ ಮುಟ್ಟಿಲ್ಲ” ಎಂದು ಬರೆದು ಸಹಿ ಹಾಕಿದ್ದಾರೆ. ನೂರಾ ಅರವತ್ತು ವರ್ಷ ಮುಟ್ಟದೇ ಇದ್ದದ್ದೇ ಇವರಿಗೆಲ್ಲ ಹೆಮ್ಮೆ. ಒಬ್ಬರಾದರೂ, ಅದು ಚೆನ್ನಾಗಿದ್ದಾಗಲೇ, ಒಳಗೇನಿದೆಯೆಂದು ನೋಡಿ ಬರೆದಿಡಬಾರದಿತ್ತೇ?

ವೈರಿನ ಕೆಲಸದ ಸಕೀನಾಳನ್ನು ಕರೆಸಿದೆ. ಅವಳು ಮೀಟರ್ ಹಚ್ಚಿ ನೋಡಿ, ಗಡ್ಡೆಯನ್ನು ಉಗುರಿನಿಂದ ತಟ್ಟಿದಳು.

“ಸತ್ತೈತಿ ಅಕ್ಕಾ. ಇದನ್ನ ಸುರಿದಾವಗ ಯಾರ ಮ್ಯಾಲೆ ಇಷ್ಟು ಸಂಶಯ ಇತ್ತು?”

“ಕಾಸಿ ಬಿಡಿಸಿದ್ರ?”

“ಬಿಡಸಬೌದು. ಒಳಗಿಂದೂ ಅದರ ಕೂಡಾನ ಕಿತ್ತು ಬರ್ತದ. ಕತ್ತರಿಸಿ ಒಗಿ, ಪಿಕಪ್ಪಿನಿಂದ ನೆಟ್ಟಗ ಹೊರಗ ಜೋಡಿಸಿಕೊಡ್ತೀನಿ. ದನಿ ಬರ್ತದ. ಇದರದ ದನಿ ಬರೂದಿಲ್ಲ.”

ಆ ಕೊನೆಯ ಮಾತಿಗೆ ಹೆದರಿಯೇ ನಾನು ಹನ್ನೊಂದು ದಿನ ತಡಮಾಡಿದೆ. ಬಿಸಿಗಾಳಿ ಹಿಡಿದು ಗಡ್ಡೆಯ ಒಂದು ಮೂಲೆ ಬಿಡಿಸಿದೆ. ಕಪ್ಪು ಚೂರಿನೊಳಗೆ ಮುರಿದ ಬಿಡಿಭಾಗವೊಂದು ಬಂತು, ಅದರ ಮೇಲಿನ ಅಂಕಿಯನ್ನೂ ನೀವು ಉಜ್ಜಿ ಅಳಿಸಿದ್ದಿರಿ. ಆಗ ಆಸೆ ಬಿಟ್ಟೆ. ನಿನ್ನೆ ನಾನೇ ಎರಡು ವೈರು ಕತ್ತರಿಸಿದೆ, ಸಕೀನಾ ಬೆಸೆದಳು. ಇವತ್ತು ಬೆಳಿಗ್ಗೆ ದ್ಯಾಮಣ್ಣ ಬಂದ. ದಪ್ಪ ತಂತಿಯನ್ನು ಮೀಟಿದಾಗ ಅಡುಗೆಮನೆಯ ತಟ್ಟೆಗಳು ನಡುಗಿದವು. ಅವನು ಅಂಗಳದಾಚೆಯಿಂದ ಕೈ ಎತ್ತಿದ.

“ಕೇಳ್ತ್ರಿ ಬಾಯಾರ. ನನ್ನ ಬೆಂಚ್ ಹೋತು.”

ವಾದ್ಯ ಮನೆಯಲ್ಲಿ ಉಳಿಯಿತು. ನಾನು ಒಳಗೆ ಬಂದು ದಪ್ಪ ತಂತಿಯನ್ನು ಮತ್ತೊಮ್ಮೆ ಮೀಟಿದೆ. ನನ್ನ ತಾಯಿ ಅದೇ ತಂತಿಯನ್ನು ಮೀಟಿದಾಗ ದನಿ ಒಂದು ಕ್ಷಣ ತಡೆದು, ತುಂಬಿದ ಕೊಡವನ್ನು ನೆಲಕ್ಕಿಟ್ಟ ಹಾಗೆ ಬರುತ್ತಿತ್ತು. ಈಗ ಬರುವುದು ಯಾವ ಬೇಸಿನಿಂದಲಾದರೂ ಬರುವ ದನಿ. ಆ ತಡೆಯುವಿಕೆ ಅವಳ ಬೆರಳಿನದು ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಅರ್ಧ ನಿಮ್ಮದೂ ಆಗಿತ್ತು.

ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ಹತ್ತೊಂಬತ್ತನೆಯದು ನಿಮ್ಮ ಕೈಬಿಟ್ಟಿರುತ್ತದೆ. ಅದರದು ಮುಗಿಯಿತು. ಇಪ್ಪತ್ತನೆಯದು ಎಲ್ಲಿದೆಯೋ, ಒಳಗೆ ಹೇಗಿದೆಯೋ ನನಗೆ ತಿಳಿಯದು, ಆದ್ದರಿಂದ ಅದರ ಮೇಲೆ ಇನ್ನೂ ಆಸೆಯಿದೆ. ದಯವಿಟ್ಟು ಅದರ ಮೇಲೆ ಏನನ್ನೂ ಸುರಿಯಬೇಡಿ. ಒಂದು ಹಾಳೆಯಲ್ಲಿ ನಕ್ಷೆ ಬರೆದು ಪೆಟ್ಟಿಗೆಯೊಳಗಿಡಿ. ಯಾರಾದರೂ ಕದ್ದಾರು ಎಂದು ನೀವು ಹೆದರಿದಿರಿ. ಒಬ್ಬರಾದರೂ ಕದ್ದಿದ್ದರೆ, ನಾನು ಇವತ್ತು ಅವರ ಮೊಮ್ಮಕ್ಕಳ ಬಾಗಿಲಿಗೆ ಹೋಗಿ ಆ ದನಿಯನ್ನು ಕೇಳಿ ಬರುತ್ತಿದ್ದೆ.

ತಾರಿಣಿ ನೀರಲಗಿ